ಶನಿವಾರದ ಕೊನೇ ಪಿರಿಯಡ್

ಬಾಗಲಕೋಟಿಯೊಳಗ ಮೂರು ದಿನ ತರಬೇತಿ ಮಾಡಿ
ಒಂದು ಕೈಪಿಡಿ, ಒಂದು ಚಾರ್ಟು, ಊಟದ ಕೂಪನ್ನು ಕೊಟ್ಟು
ತಿರುಗಿ ಕಳಿಸಿದರು ನನ್ನನ್ನ, ಗುಳೇದಗುಡ್ಡಕ್ಕ.
ಸೀಟಿ ಊದೋ ಮಾಸ್ತರ ನಾನು.
ಇಪ್ಪತ್ತೆರಡು ವರ್ಷ ಸಾವಧಾನ್, ವಿಶ್ರಾಮ್ ಅಂದವ,
ಎರಡರ ನಡುವ ಮನುಷ್ಯಾಗ ಏನಾಗತೈತಿ
ಅಂತ ಕೇಳಿದವನಲ್ಲ.

ಒಂಬತ್ತನೇ ಬ ವರ್ಗ. ಐವತ್ತೊಂದು ಮಕ್ಕಳು,
ನಲವತ್ತಕ್ಕ ಸಾಲೋ ಬೆಂಚು.
ಕೈಪಿಡಿ ನೋಡಿ ಬೋರ್ಡಿಗೆ ಬರದೆ:
ಆತಂಕ. ಒತ್ತಡ. ಖಿನ್ನತೆ. ಭಾವನೆಗಳ ನಿರ್ವಹಣೆ.
ಖಿನ್ನತೆಯ ಒತ್ತಿನ್ಯಾಗ ಸೀಮೆಸುಣ್ಣ ಮುರೀತು.
ಯಾರೂ ನಗಲಿಲ್ಲ. ಎಲ್ಲಾರೂ ಬರಕೊಂಡರು.
"ಪರೀಕ್ಷಾಕ್ಕ ಬರತೈತೇನ್ರಿ ಸರ್? ಎಷ್ಟು ಮಾರ್ಕ್ಸಿಗೆ?"
ದಾವಲ ಕೇಳಿದ.

ಒರೆಸಿದೆ.
"ಇದಕ್ಕ ನಿಮ್ಮ ಮನ್ಯಾಗ ಏನಂತಾರ?"

ಬಹಳ ಹೊತ್ತು ಬರೇ ಫ್ಯಾನಿನ ಸಪ್ಪಳ.
ಆಮ್ಯಾಲೆ, ಗೋಡಿ ಬಿರುಕಿನ್ಯಾಗಿಂದ ಇರವಿ ಬಂದಂಗ
ಹಿಂದಿನ ಬೆಂಚಿಂದ ಒಂದೊಂದ ಬಂದ್ವು:
ಎದಿ ಝಲ್ ಅಂತೈತ್ರಿ.
ತುತ್ತು ಇಳ್ಯಂಗಿಲ್ರಿ.
ರಾತ್ರಿ ಮಗ್ಗ ಬಂದ್ ಆದ ಮ್ಯಾಲೂ
ತಲ್ಯಾಗ ಮಗ್ಗ ನಡದಂಗ ಆಗತೈತಿ.
ಸುಮ್ನ ಅಳು ಬರತೈತಿ, ಯಾರಿಗೂ ಹೇಳಬ್ಯಾಡ್ರಿ.
ಅವ್ವ ಗಾಳಿ ಬಡದೈತಿ ಅಂತಾಳ.
ಅಪ್ಪ ಧಿಮಾಕು ಅಂತಾನ.

ಬೋರ್ಡು ತುಂಬಿತು.
ಕೈಪಿಡಿಯೊಳಗ ಇವು ಒಂದೂ ಇರಲಿಲ್ಲ.
ಕಿಟಕಿಯಾಗ ಹೆಡ್ ಮಾಸ್ತರ ಇಣುಕಿ,
"ಸಮಾಜದ ಪೋರ್ಶನ್ ಉಳದೈತಲ್ಲರಿ" ಅಂದು ಹೋದರು.

ಸೀಮೆಸುಣ್ಣದ ಹಳೇ ಡಬ್ಬಿಗೆ ಸೀಳು ಕೊರದು
ಮೂಲ್ಯಾಗ ಇಟ್ಟೆ. ಹೆಸರು ಬರೀಬ್ಯಾಡ್ರಿ, ಅಷ್ಟ.
ಗುಳ್ಳಿ ಯಾವಾಗ ಹೋಗತಾವ?
ಗಣಿತದಾಗ ನನ್ನ ಹೆಸರು ಕರದ್ರ ಮೈ ತಣ್ಣಗಾಗತೈತಿ.
ಅಣ್ಣ ಹೋಗಿ ಎರಡು ವರ್ಷ ಆತು,
ಮನ್ಯಾಗ ಯಾರೂ ಅವನ ಹೆಸರು ತಗೊಳ್ಳಂಗಿಲ್ಲ,
ನಾ ತಗೋಬಹುದೇನ್ರಿ?

ಮತ್ತ ಪ್ರತಿ ಶನಿವಾರ, ತಳದಾಗ,
ನಾಕು ಮಡಚಿದ ಒಂದು ಖಾಲಿ ಚೀಟಿ.
ನೇಕಾರರ ಕೂಲಿ ಲೆಕ್ಕದ ಹಾಳಿ, ಅಂಚಿಗೆ ಕೆಂಪು ಗೆರಿ.
ಈ ವರ್ಗದಾಗ ಅರ್ಧಕ್ಕರ್ಧ ಮನಿ ಮಗ್ಗದ್ದ.
ಯಾರ ಬೆರಳಂತ ಹುಡುಕೋದು?

ಅದನ್ನೂ ಓದಿದೆ ಗಟ್ಟಿಯಾಗಿ:
"ಇಲ್ಲೊಬ್ಬರು ಏನೂ ಬರದಿಲ್ಲ."
ಓದಿ ಸುಮ್ಮನ ನಿಂತೆ.

ಬನಶ್ರೀ ಎದ್ದಳು. ಕಂಡಕಿ ಸುತ್ತಿ ಸುತ್ತಿ
ಹೆಬ್ಬೆರಳು ಸವದ ಹುಡುಗಿ.
"ಸರ್, ಖಣ ನೇಯುವಾಗ ಎಳಿ ಹರಿದ್ರ
ನಮ್ಮಪ್ಪ ಮಗ್ಗ ನಿಲ್ಲಸ್ತಾನ್ರಿ.
ಎಳಿಗೆ ಬಯ್ಯಂಗಿಲ್ಲ.
ಎಲ್ಲಿ ಹರೀತು ನೋಡ್ತಾನ, ಬೆರಳಿಗೆ ಉಗುಳು ಹಚ್ಚಿ
ಗಂಟು ಹಾಕ್ತಾನ."
"ಗಂಟು ಕಾಣಂಗಿಲ್ಲೇನ?" ದಾವಲ.
"ತಿರುವಿ ನೋಡಿದ್ರ ಕಾಣತೈತಿ. ನಿನಗ್ಯಾರು ತಿರುವು ಅಂದ್ರು?"
ಆವತ್ತು ನಕ್ಕಿತು ವರ್ಗ.

ನಾನು ನಗಲಿಲ್ಲ. ನನಗ ಪ್ರಕಾಶ ನೆನಪಾದ.
ಹದಿನಾಲ್ಕು ವರ್ಷದ ಹಿಂದ, ನಮ್ಮ ಕಬಡ್ಡಿ ರೈಡರ್.
ಒಂದಿನ ನಡುಗೆರಿ ಮ್ಯಾಲೆ ಬಂದು ನಿಂತುಬಿಟ್ಟ.
ಕಾಲು ದಾಟಲಿಲ್ಲ, ಉಸುರು ಬರಲಿಲ್ಲ.
ನಾ ಸೀಟಿ ಊದಿದೆ.
ಊದಿದೆ.
ಮುಖ ಕೆಂಪಾಗೂತನಕ ಊದಿದೆ.
ಮರುದಿನ ಶಾಲಿಗೆ ಬರಲಿಲ್ಲ ಅವ.
ಯಾಕಂತ ಅವರ ಓಣಿಗೆ ನಾ ಹೋಗಲಿಲ್ಲ.

ಇಷ್ಟನ್ನ ಒಂದು ಚೀಟ್ಯಾಗ ಬರದು
ಹೆಸರು ಹಾಕದ, ನಾನೂ ಡಬ್ಬಿಗೆ ಬಿಟ್ಟೆ.
ಮುಂದಿನ ವಾರ ಮಕ್ಕಳ ಚೀಟಿ ನಡುವ ಅದನ್ನೂ ಓದಿದೆ.
ದನಿ ನಡುಗಿತೋ ಏನೋ, ಮುಂದಿನ ಬೆಂಚು ತಲಿ ಎತ್ತಿತು.

ತಳದಾಗ ಮತ್ತ ಅದ, ಕೆಂಪು ಗೆರಿಯ ಹಾಳಿ.
ಈ ಸಲ ಪೂರಾ ಖಾಲಿ ಅಲ್ಲ:
ಪೆನ್ಸಿಲ್ಲಿಲೆ ಬರದು, ರಬ್ಬರ್ ತಿಕ್ಕಿ ಅಳಿಸಿದ ಜಾಗ
ತೆಳ್ಳಗಾಗಿತ್ತು. ಕಿಟಕಿ ಬೆಳಕಿಗೆ ಹಿಡದೆ,
ಓದಾಕ ಬರಲಿಲ್ಲ.

ಗಂಟಿ ಹೊಡೀತು. ಹನ್ನೊಂದೂವರಿ, ಬಿಸಲು ಏರಿತ್ತು.
ಐವತ್ತು ಜೋಡಿ ಕಾಲು ಓಡಿದವು.
ಒಬ್ಬಾವ ಮಾತ್ರ ಹೊಸ್ತಿಲ ಹತ್ತರ
ಚಪ್ಪಲಿ ಹುಡುಕೂವಂಗ ಮಾಡಕೋತ ನಿಂತಿದ್ದ,
ಚಪ್ಪಲಿ ಕಾಲಾಗ ಇದ್ದವು.

ನಾನೂ ಕಿಸೆದಾಗ ಕೈ ಹಾಕಿ
ಬಾಗಲ ಕೀಲಿ ಹುಡುಕೂವಂಗ ಮಾಡಿದೆ.